ಮಂಜುಗಡ್ಡೆ ಹೊತ್ತ ಹಡಗು: ದಾವಣಗೆರೆಯ ಗೆಳೆಯನಿಗೊಂದು ಪತ್ರ

ಚಿತ್ರದುರ್ಗ
ಭಾನುವಾರ, ಮಧ್ಯಾಹ್ನ

ಪ್ರೀತಿಯ ಗೆಳೆಯನಿಗೆ,

ನಿನ್ನ ತಮ್ಮನ ಮನೆಯ ಗೃಹಪ್ರವೇಶದ ದಿನ, ಮೊದಲ ಪಂಕ್ತಿ ಏಳುವುದನ್ನು ಕಾಯುತ್ತಾ ನಾನು ಮೂಲೆಯ ಕುರ್ಚಿಯಲ್ಲಿ ಓದುತ್ತಿದ್ದ ದಪ್ಪ ಪುಸ್ತಕವನ್ನು ಕೈಯಿಂದ ಕಿತ್ತುಕೊಂಡು, ಅದರ ರಕ್ಷಾಪುಟದ ಮೇಲಿದ್ದ ಬಾಹ್ಯಾಕಾಶ ನೌಕೆಯನ್ನು ನಾಲ್ಕು ಜನರಿಗೆ ತೋರಿಸಿ, "ನೋಡ್ರಪ್ಪ, ನಮ್ಮ ಮೇಷ್ಟ್ರು ಇನ್ನೂ ರಾಕೆಟ್ ಆಟ ಬಿಟ್ಟಿಲ್ಲ" ಎಂದು ನೀನು ಎಲ್ಲರನ್ನೂ ನಗಿಸಿದೆ. ಹೋಳಿಗೆ ಬಡಿಸುವ ಹೊತ್ತಿನಲ್ಲಿ ವಾದಕ್ಕಿಳಿಯುವುದು ಸರಿಯಲ್ಲವೆಂದು ನಾನೂ ನಕ್ಕು ಸುಮ್ಮನಾದೆ. ಆ ಪುಸ್ತಕ ಸೇರಿದ ಒಂಬತ್ತು ಸಂಪುಟಗಳ ವೈಜ್ಞಾನಿಕ ಕಾದಂಬರಿ ಮಾಲೆಯನ್ನು ಓದಿ ಮುಗಿಸಲು ನನಗೆ ಒಂದು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಕೊನೆಯ ಪುಟ ಮಗುಚಿ ಇಂದಿಗೆ ನಾಲ್ಕು ದಿನ. ನಿನ್ನ ನಗೆಗೆ ಉತ್ತರ ಬರೆಯದೆ ಇನ್ನೊಂದು ಪುಸ್ತಕವನ್ನು ಕೈಗೆತ್ತಿಕೊಳ್ಳಲು ಮನಸ್ಸು ಒಪ್ಪದ ಕಾರಣ ಈ ಪತ್ರ.

ಮಾಲೆಯ ಹೆಸರು 'ದಿ ಎಕ್ಸ್‌ಪ್ಯಾನ್ಸ್'. ಲೇಖಕ ಜೇಮ್ಸ್ ಎಸ್. ಎ. ಕೋರಿ ಎಂದು ಅಚ್ಚಾಗಿದ್ದರೂ ಆ ಹೆಸರಿನವನು ಯಾರೂ ಇಲ್ಲ. ಡೇನಿಯಲ್ ಏಬ್ರಹಾಂ ಮತ್ತು ಟೈ ಫ್ರಾಂಕ್ ಎಂಬ ಇಬ್ಬರು ಕೂಡಿ ಇಟ್ಟುಕೊಂಡ ಕಾವ್ಯನಾಮ ಅದು. ಮೊದಲ ಸಂಪುಟ 2011ರಲ್ಲಿ, ಒಂಬತ್ತನೆಯದು 2021ರಲ್ಲಿ ಬಂದವು. ನಡುವೆ 2020ರಲ್ಲಿ ಇಡೀ ಮಾಲೆಗೆ, ವೈಜ್ಞಾನಿಕ ಕಥಾಸಾಹಿತ್ಯಕ್ಕೆ ಕೊಡುವ ಹ್ಯೂಗೋ ಪ್ರಶಸ್ತಿ ಬಂತು. ಇಂಥ ಕತೆಗಳಿಗೆ 'ಸ್ಪೇಸ್ ಒಪೆರಾ' ಎಂಬ ಹೆಸರಿಟ್ಟವನು ವಿಲ್ಸನ್ ಟಕರ್ ಎಂಬ ಬರಹಗಾರ, 1941ರಲ್ಲಿ, ಅದೂ ನಿನ್ನ ಹಾಗೆಯೇ ಹೀಯಾಳಿಸುವುದಕ್ಕಾಗಿ. ಹಳಸಿದ ಕತೆಯನ್ನು ರಾಕೆಟ್ಟಿಗೆ ಹತ್ತಿಸಿ ಕಳಿಸುವ ಬರವಣಿಗೆ ಎಂಬುದು ಅವನ ಆಕ್ಷೇಪದ ತಿರುಳು. ಆದರೆ ದುಗ್ಗಮ್ಮನ ಜಾತ್ರೆಯಲ್ಲಿ ಟೆಂಟಿನೊಳಗೆ ಕುಳಿತು, ನಿಮ್ಮೂರಿನ ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಕಂಪನಿಯಂಥ ನಾಟಕಗಳನ್ನು ನೋಡಿ ಬೆಳೆದ ನಿನಗೆ ಇದನ್ನು ವಿವರಿಸುವುದು ಕಷ್ಟವಾಗಬಾರದು. ಒಂದೇ ರಾತ್ರಿಯಲ್ಲಿ ಕೊಲೆ, ಕಣ್ಣೀರು, ಹಾಸ್ಯ, ಮೋಸ, ಪಶ್ಚಾತ್ತಾಪಗಳೆಲ್ಲವನ್ನೂ ತುಂಬಿ, ಪರದೆ ಎತ್ತಿದಾಗಲೆಲ್ಲ ಕಾಡೋ ಅರಮನೆಯೋ ಕಾಣಿಸಿಕೊಳ್ಳುವ ಆ ನಾಟಕಗಳನ್ನು ನಾವು ಯಾವತ್ತೂ ಸಣ್ಣದೆಂದು ಕಂಡವರಲ್ಲ. ಇಲ್ಲಿ ಪರದೆಯ ಮೇಲೆ ಶನಿಗ್ರಹವಿದೆ, ಅಷ್ಟೇ.

ಕತೆ ಶುರುವಾಗುವುದು ಯುದ್ಧನೌಕೆಯಲ್ಲಿ ಅಲ್ಲ, ಮಂಜುಗಡ್ಡೆ ಸಾಗಿಸುವ ಹಳೆಯ ಸರಕು ಹಡಗಿನಲ್ಲಿ. ನನ್ನನ್ನು ಹಿಡಿದು ನಿಲ್ಲಿಸಿದ್ದು ಇದೇ ವಿವರ. ಮನುಷ್ಯರು ಚಂದ್ರ, ಮಂಗಳಗಳನ್ನು ದಾಟಿ, ಮಂಗಳ ಮತ್ತು ಗುರುವಿನ ನಡುವೆ ಸುತ್ತುವ ಕ್ಷುದ್ರಗ್ರಹಗಳನ್ನು ಕೊರೆದು ಒಳಗೆ ಊರು ಕಟ್ಟಿಕೊಂಡಿದ್ದಾರೆ. ಆ ಊರುಗಳಿಗೆ ಕುಡಿಯುವ ನೀರು ಶನಿಯ ಬಳೆಗಳಿಂದ ಬರಬೇಕು. ಕ್ಯಾಂಟರ್ಬರಿ ಎಂಬ ಆ ಹಡಗಿನ ಕೆಲಸ ಇದೊಂದೇ: ಹೋಗುವುದು, ಗಡ್ಡೆ ಹೇರಿಕೊಳ್ಳುವುದು, ತಿಂಗಳುಗಟ್ಟಲೆ ದಾರಿ ಸವೆಸಿ ಇಳಿಸುವುದು. ಅಂಥ ಒಂದು ಹಡಗಿಗೆ ದಾರಿಯಲ್ಲಿ ಆಪತ್ತು ಒದಗಿದಾಗ ಸಿರೀಸ್ ಎಂಬ ಕ್ಷುದ್ರಗ್ರಹದ ಓಣಿಗಳಲ್ಲಿ ಮೊದಲು ಹಬ್ಬುವುದು ನೀರಿನ ಚಿಂತೆ. ರಾಜಕೀಯ ಬರುವುದು ಆಮೇಲೆ.

ಈ ಭಾಗವನ್ನು ನಾನು ಓದಿದ್ದು ಹೋದ ವರ್ಷದ ಏಪ್ರಿಲ್‌ನಲ್ಲಿ, ಮನೆಯ ಮುಂದಿನ ಕಟ್ಟೆಯ ಮೇಲೆ, ಟ್ಯಾಂಕರಿನ ದಾರಿ ಕಾಯುತ್ತಾ. ನಲ್ಲಿಯಲ್ಲಿ ನೀರು ಬಂದು ಹತ್ತು ದಿನವಾಗಿತ್ತು, ಪಕ್ಕದ ಮನೆಯವರ ಕೊಳವೆಬಾವಿ ಹೂಳು ಕಾರಿ ನಿಂತಿತ್ತು, ಬೆಳಗ್ಗೆ ಎಂಟಕ್ಕೆ ಬರುತ್ತೇನೆಂದ ಟ್ಯಾಂಕರಿನವನು ಹನ್ನೊಂದಾದರೂ ಫೋನು ಎತ್ತುತ್ತಿರಲಿಲ್ಲ. ಕೊನೆಗೆ ಮನೆಯ ಸಂಪಿನೊಳಗೆ ನೀರು ಬಿದ್ದ ಸದ್ದು ಕೇಳಿದಾಗ, ಅವನು ಕೊಟ್ಟ ರಸೀತಿಯನ್ನೇ ಪುಟದ ಗುರುತಿಗೆ ಇಟ್ಟು ಪುಸ್ತಕ ಮುಚ್ಚಿದೆ. ಆ ಕಾದಂಬರಿಯಲ್ಲಿ ನಡೆಯುವುದು ಇನ್ನೂ ಬಾರದ ಕಾಲದ ಕತೆ ಎಂದು ನನಗೆ ಅನ್ನಿಸಲೇ ಇಲ್ಲ. ನಮ್ಮೂರಿನ ನಲ್ಲಿಗೆ ಬರುವ ನೀರಿನಲ್ಲಿ ಒಂದು ಪಾಲು ನಿಮ್ಮ ಜಿಲ್ಲೆಯ ಸೂಳೆಕೆರೆಯದು ಎಂಬುದು ನಿನಗೆ ಗೊತ್ತಿದೆ. 1997ರಲ್ಲಿ ಜಿಲ್ಲೆ ಒಡೆದಾಗ ಭದ್ರಾ ನಾಲೆಯ ಭತ್ತದ ಗದ್ದೆಗಳು ನಿಮಗೆ ಹೋದವು, ಬಂಡೆ ಮತ್ತು ಬಿಸಿಲು ನಮಗೆ ಉಳಿದವು ಎಂದು ನಾವಿಬ್ಬರೂ ತಮಾಷೆ ಮಾಡುತ್ತಾ ಬಂದಿದ್ದೇವೆ. ಆ ಕಾದಂಬರಿಯ ಲೆಕ್ಕದಲ್ಲಿ ನೀನು ಭೂಮಿಯವನು, ನಾನು ಕ್ಷುದ್ರಗ್ರಹದವನು. ನಲ್ಲಿ ತಿರುಗಿಸಿದರೆ ನೀರು ಬಂದೇ ಬರುತ್ತದೆಂದು ನಂಬಿದವನಿಗೂ, ಬಂದ ನೀರನ್ನು ಕೊಡದಲ್ಲಿ ಎಣಿಸುವವನಿಗೂ ನಡುವೆ ಇರುವ ಅಸಮಾಧಾನವನ್ನು ಹೀಗೆ ಹಿಡಿದ ಇನ್ನೊಂದು ಕಾದಂಬರಿಯನ್ನು ನಾನು ಓದಿಲ್ಲ. ಇದೊಂದಕ್ಕಾಗಿಯೇ ಅದನ್ನು ನಿನ್ನ ಕೈಯಲ್ಲಿಡಬೇಕೆಂದು ನನಗೆ ಇಷ್ಟು ಹಟ. ನಮ್ಮ ಜಿಲ್ಲೆಯ ವಾಣಿವಿಲಾಸ ಸಾಗರ ಅಣೆಕಟ್ಟು 1933ರ ನಂತರ ಮತ್ತೆ ಕೋಡಿ ಬೀಳಲು 2022ರವರೆಗೆ, ಅಂದರೆ 89 ವರ್ಷ, ಕಾಯಿಸಿತು. ಅಂದು ಆ ಅಣೆಕಟ್ಟಿರುವ ಮಾರಿಕಣಿವೆಗೆ ಜನ ಹರಿದು ಬಂದದ್ದನ್ನು ಕಂಡ ನನಗೆ, ಸಿರೀಸ್‌ನ ಜನ ಮಂಜುಗಡ್ಡೆಯ ಹಡಗನ್ನು ಯಾವ ಕಣ್ಣಿನಿಂದ ನೋಡುತ್ತಾರೆಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಎರಡನೆಯ ಸಂಪುಟದಲ್ಲಿ ಗ್ಯಾನಿಮೀಡ್ ಎಂಬ ಗುರುವಿನ ಉಪಗ್ರಹ ಬರುತ್ತದೆ. ಹೊರಗ್ರಹಗಳ ಜನಕ್ಕೆ ಅನ್ನ ಬೆಳೆಯುವ ತೋಟ ಅದು. ಸೂರ್ಯ ಅಲ್ಲಿಗೆ ದೂರವಾದ್ದರಿಂದ ಆಕಾಶದಲ್ಲಿ ದೊಡ್ಡ ಕನ್ನಡಿಗಳನ್ನು ನಿಲ್ಲಿಸಿ ಬೆಳಕನ್ನು ಗಾಜಿನ ಮನೆಗಳ ಮೇಲೆ ಬೀಳಿಸುತ್ತಾರೆ. ಅಲ್ಲೊಂದು ಕದನ ನಡೆದು ಕೆಲವೇ ಕನ್ನಡಿಗಳು ಕಳಚಿ ಬೀಳುತ್ತವೆ. ಸೈನಿಕರು ಹೋದ ಮೇಲೂ ಊರು ದಿನದಿನಕ್ಕೆ ಸಾಯುತ್ತಾ ಹೋಗುವುದನ್ನು ಮೊದಲು ಗುರುತಿಸುವವನು ಸೋಯಾ ಗಿಡಗಳ ಮೇಲೆ ಕೆಲಸ ಮಾಡುವ ಒಬ್ಬ ಸಸ್ಯವಿಜ್ಞಾನಿ, ಕಳೆದುಹೋದ ಮಗಳನ್ನು ಹುಡುಕುತ್ತಾ ಅಲೆಯುತ್ತಿರುವ ತಂದೆ. ಒಂದು ಗಿಡ ಬಾಡಿದರೆ ಅದರ ಕೆಲಸ ಇನ್ನೊಂದರ ಮೇಲೆ ಬೀಳುತ್ತದೆ, ಅದೂ ಸೋತಾಗ ಗಾಳಿ ಕೆಡುತ್ತದೆ, ಗಾಳಿ ಕೆಟ್ಟಾಗ ಮನುಷ್ಯರು ಮಾಡುವ ದುರಸ್ತಿ ಮತ್ತೊಂದನ್ನು ಮುರಿಯುತ್ತದೆ. ಈ ಪುಟಗಳನ್ನು ಓದಿದ ಸಂಜೆ ನಾನು ಕೋಟೆ ಹತ್ತಿ ಗೋಪಾಲಸ್ವಾಮಿ ಹೊಂಡದ ಬಳಿ ಕುಳಿತಿದ್ದೆ. ಅದು ತುಂಬಿ ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಕೆಳಗಿನ ಸಂತೆ ಹೊಂಡಕ್ಕೆ ಇಳಿಯುವ ಮಳೆನೀರಿನ ವ್ಯವಸ್ಥೆಯನ್ನು ನಾಯಕರ ಕಾಲದ ಜಾಣತನವೆಂದು ಮಕ್ಕಳಿಗೆ ಹೇಳಿಕೊಂಡು ಬಂದಿದ್ದೇನೆ. ಮೇಲಿನ ದಾರಿಯಲ್ಲಿ ಒಂದು ಕಲ್ಲು ಅಡ್ಡ ಬಿದ್ದರೆ ಕೆಳಗಿನ ಹೊಂಡಕ್ಕೆ ಏನಾಗುತ್ತದೆ ಎಂಬ ಪ್ರಶ್ನೆಯನ್ನು ಇಷ್ಟು ವರ್ಷದಲ್ಲಿ ಒಮ್ಮೆಯೂ ತರಗತಿಯಲ್ಲಿ ಕೇಳಿರಲಿಲ್ಲ.

ನೀನು ಇಂಜಿನಿಯರಿಂಗ್ ಓದಿ ಅಕ್ಕಿ ಗಿರಣಿಗೆ ಕುಳಿತವನಾದ್ದರಿಂದ ಯಂತ್ರದ ಮಾತನ್ನೂ ಹೇಳಬೇಕು. ಇಲ್ಲಿನ ನೌಕೆಗಳಲ್ಲಿ ಗುರುತ್ವವನ್ನು ಮಾಯದಿಂದ ತರಿಸಿಲ್ಲ. ಎಂಜಿನ್ ಎಡೆಬಿಡದೆ ಉರಿಯುತ್ತದೆ, ನೌಕೆ ವೇಗ ಹೆಚ್ಚಿಸಿಕೊಳ್ಳುತ್ತಲೇ ಇರುತ್ತದೆ, ಆ ತಳ್ಳುವಿಕೆಯೇ ಕಾಲ ಕೆಳಗಿನ ನೆಲವಾಗುತ್ತದೆ. ಹೀಗಾಗಿ ನೌಕೆಯ ಒಳಗು ಬಸ್ಸಿನ ಹಾಗೆ ಉದ್ದಕ್ಕಿರದೆ ಮಹಡಿ ಮನೆಯ ಹಾಗೆ ಒಂದರ ಮೇಲೊಂದು ಇದೆ. ಅರ್ಧ ದಾರಿ ಕಳೆದ ಮೇಲೆ ನೌಕೆಯನ್ನು ಹಿಂದುಮುಂದಾಗಿ ತಿರುಗಿಸಿ ಅದೇ ಎಂಜಿನ್ನಿನಿಂದ ವೇಗ ಇಳಿಸಬೇಕು. ನಾನು ಕಾಗದದ ಮೇಲೆ ಲೆಕ್ಕ ಹಾಕಿದೆ: ಭೂಮಿಯಷ್ಟೇ ಗುರುತ್ವ ಸಿಗುವಂತೆ ಹೀಗೆ ಹೋದರೆ ಸೂರ್ಯನಿಗೂ ನಮಗೂ ಇರುವ 15 ಕೋಟಿ ಕಿಲೋಮೀಟರ್ ದೂರ ಮೂರು ದಿನಕ್ಕೂ ಮೊದಲೇ ಮುಗಿಯುತ್ತದೆ. ನಮ್ಮ ಮಂಗಳಯಾನ 2013ರ ನವೆಂಬರ್ 5ರಂದು ಹೊರಟು ಮಂಗಳವನ್ನು ತಲುಪಿದ್ದು 2014ರ ಸೆಪ್ಟೆಂಬರ್ 24ರಂದು. ಎಡೆಬಿಡದೆ ಉರಿಯುವ ಕಾದಂಬರಿಯ ಎಂಜಿನ್ ಇಂದು ಯಾರ ಬಳಿಯೂ ಇಲ್ಲ, ಲೇಖಕರು ಕೇಳಿಕೊಳ್ಳುವ ದೊಡ್ಡ ರಿಯಾಯಿತಿ ಇದೊಂದೇ. ಅದನ್ನು ಕೊಟ್ಟ ಮೇಲೆ ಉಳಿದದ್ದಕ್ಕೆ ಅವರು ಬಹುಮಟ್ಟಿಗೆ ನ್ಯೂಟನ್ನನಿಗೆ ಬದ್ಧರು. ಬಹುಮಟ್ಟಿಗೆ ಎಂದೆ, ಏಕೆಂದರೆ ಸಿರೀಸನ್ನು ಬುಗುರಿಯಂತೆ ತಿರುಗಿಸಿ ಒಳಗಿನ ಜನರಿಗೆ ಭೂಮಿಯ ಮೂರನೆಯ ಒಂದು ಭಾಗದಷ್ಟು ತೂಕ ಕೊಟ್ಟಿದ್ದೇವೆ ಎನ್ನುತ್ತಾರೆ. ಸುಮಾರು 940 ಕಿಲೋಮೀಟರ್ ಅಗಲದ ಆ ಉಂಡೆ 40 ನಿಮಿಷಕ್ಕೊಮ್ಮೆ ಸುತ್ತಿದರೆ ಮಾತ್ರ ಅದು ಸಾಧ್ಯ, ಮತ್ತು ಹಾಗೆ ಸುತ್ತಿದರೆ ಅದು ಚೂರುಚೂರಾಗಿ ಸಿಡಿಯುತ್ತದೆ. ಈ ತಪ್ಪನ್ನು ಹಿಡಿದಾಗ ನನಗಾದ ಸಂತೋಷವನ್ನು ನೀನು ಊಹಿಸಬಲ್ಲೆ.

ದೂರದ ವಿಚಾರದಲ್ಲಿ ಅವರು ಇನ್ನೂ ಪ್ರಾಮಾಣಿಕರು. ಭೂಮಿಯಿಂದ ಮಂಗಳಕ್ಕೆ ಬೆಳಕಿಗೇ 3ರಿಂದ 22 ನಿಮಿಷ ಬೇಕಾದ್ದರಿಂದ ಅಲ್ಲಿ ಫೋನಿನ ಮಾತುಕತೆ ಸಾಗುವುದಿಲ್ಲ. ಹೇಳಬೇಕಾದ್ದನ್ನೆಲ್ಲ ಒಟ್ಟಿಗೆ ಹೇಳಿ ಕಳಿಸಿ, ಉತ್ತರಕ್ಕೆ ಕಾಯಬೇಕು. ಅಲ್ಲಿ ಮತ್ತೆ ಪತ್ರಗಳ ಕಾಲ ಬಂದಿದೆ.

ಕ್ಷುದ್ರಗ್ರಹಗಳ ಜನರ ಮೈ ಮತ್ತು ಮಾತಿನ ವಿವರಗಳೂ ನನಗೆ ಬಹಳ ಹಿಡಿಸಿದವು. ಕಡಿಮೆ ಗುರುತ್ವದಲ್ಲಿ ಬೆಳೆದವರು ಎತ್ತರವಾಗಿ, ತೆಳ್ಳಗೆ ಇರುತ್ತಾರೆ, ಭೂಮಿಗೆ ಇಳಿದರೆ ಅವರ ಮೂಳೆ ಆ ಭಾರ ತಾಳುವುದಿಲ್ಲ. ಗಗನ ಉಡುಪಿನೊಳಗೆ ತಲೆಯಾಡಿಸಿದರೆ ಎದುರಿನವರಿಗೆ ಕಾಣದಾದ್ದರಿಂದ ಅವರು ಹೌದು, ಅಲ್ಲ ಎಂಬುದನ್ನೂ ಕೈಯಲ್ಲೇ ಹೇಳುತ್ತಾರೆ. ಹತ್ತಾರು ದೇಶಗಳಿಂದ ಬಂದವರ ಪದಗಳು ಬೆರೆತು ಅವರದ್ದೇ ಆಡುನುಡಿ ಆಗಿದೆ. ಮೇಲಧಿಕಾರಿಯ ಮುಂದೆ ಒಂದು ಮಾತು, ತಮ್ಮವರೊಡನೆ ಇನ್ನೊಂದು. ಮೊಳಕಾಲ್ಮೂರಿನ ಸಂತೆಯಲ್ಲಿ ಕನ್ನಡದಲ್ಲಿ ಶುರುವಾದ ವಾಕ್ಯ ತೆಲುಗಿನಲ್ಲಿ ಮುಗಿಯುವುದನ್ನು ಕೇಳಿದ ನನಗೆ ಇದು ಹೊಸದಲ್ಲ.

ನಮ್ಮವರು ಯಾರಾದರೂ ಇದ್ದಾರೆಯೇ ಎಂದು ನೀನು ಕೇಳುತ್ತೀಯೆ. ಇದ್ದಾಳೆ. ಅವಸರಲಾ ಎಂಬ ಅಜ್ಜಿ ಎರಡನೆಯ ಸಂಪುಟದಲ್ಲಿ ಬರುತ್ತಾಳೆ: ಸೀರೆ ಉಟ್ಟು, ಪಿಸ್ತಾ ಮೆಲ್ಲುತ್ತಾ, ಭೂಮಿಯ ಆಡಳಿತವನ್ನು ಹಿಂದಿನಿಂದ ನಡೆಸುವವಳು. ಅವಳ ಬಾಯಿಯಿಂದ ಬರುವ ಬೈಗುಳವನ್ನು ಈ ಪತ್ರದಲ್ಲಿ ಬರೆಯಲಾಗದು, ನಿಮ್ಮ ಎಪಿಎಂಸಿ ಹಮಾಲರೂ ನಾಚಿಕೊಂಡಾರು. ಮನೆಗೆ ಬಂದರೆ ಕವಿಯಾದ ಗಂಡ ಅರ್ಜುನನ ಮುಂದೆ ಬೇರೆಯೇ ಹೆಂಗಸು. ಗಗನನೌಕೆಯ ಕಪ್ತಾನನಾದ ಕಥಾನಾಯಕ ಹೋಲ್ಡನ್‌ಗಿಂತ ಇವಳು ನನಗೆ ಹೆಚ್ಚು ಇಷ್ಟ. ಅವನು ಒಳ್ಳೆಯವನೇ, ಆದರೆ ಕೈಗೆ ಸಿಕ್ಕ ಸತ್ಯವನ್ನೆಲ್ಲ ಊರಿಗೆ ಸಾರಿ ಯುದ್ಧ ಹೊತ್ತಿಸುವ ಜಾತಿಯವನು, ಮತ್ತು ಅದರಿಂದ ಪಾಠ ಕಲಿಯಲು ಬಹಳ ಪುಟಗಳನ್ನು ತೆಗೆದುಕೊಳ್ಳುತ್ತಾನೆ.

ದೋಷಗಳೂ ಇವೆ. ನಾಲ್ಕನೆಯ ಸಂಪುಟ ನಡುವೆ ಎಳೆಯುತ್ತದೆ, ನಾನು ಎರಡು ಸಲ ಕೆಳಗಿಟ್ಟಿದ್ದೆ. ಮತ್ತೆ ಕೈಗೆತ್ತಿಕೊಂಡದ್ದು ಅದರಲ್ಲಿರುವ ಒಂದು ಜಗಳಕ್ಕಾಗಿ: ಹೊಸ ಲೋಕವೊಂದರಲ್ಲಿ ನೆಲೆಯಿಲ್ಲದ ಜನ ಮೊದಲೇ ಬಂದು ಗುಡಿಸಲು ಹಾಕಿ ಗಣಿ ತೋಡಿಕೊಂಡಿದ್ದಾರೆ, ಸರ್ಕಾರದ ಪರವಾನಗಿ ಪತ್ರ ಹಿಡಿದ ಸಂಸ್ಥೆಯೊಂದು ಆಮೇಲೆ ಬಂದು ಇದು ನಮ್ಮದು ಎನ್ನುತ್ತದೆ. ಇದನ್ನು ಓದುವಾಗ ಚಳ್ಳಕೆರೆಯ ಅಮೃತಮಹಲ್ ಕಾವಲು ನನ್ನ ಕಣ್ಣ ಮುಂದೆ ಇತ್ತು. ದನ, ಕುರಿ ಮೇಯುತ್ತಿದ್ದ ಹುಲ್ಲುಗಾವಲಿಗೆ ಸಂಶೋಧನಾ ಸಂಸ್ಥೆಗಳ ಬೇಲಿ ಬಿದ್ದಾಗ ಆ ಸೀಮೆಯವರ ತಕರಾರು ಹಸಿರು ನ್ಯಾಯಮಂಡಳಿಯವರೆಗೆ ಹೋಗಿತ್ತು. ಅದೇ ಸೀಮೆಯ ಓಡುದಾರಿಯ ಮೇಲೆ 2023 ಮತ್ತು 2024ರಲ್ಲಿ ಇಸ್ರೋದ ಪುಷ್ಪಕ್ ನೌಕೆ ಹೆಲಿಕಾಪ್ಟರಿನಿಂದ ಬಿಡಿಸಿಕೊಂಡು ಮೂರು ಸಲ ತಾನಾಗಿ ಇಳಿಯಿತು. ಆ ಇಳಿತದ ವಿಡಿಯೋ ನೋಡಿ ಚಪ್ಪಾಳೆ ತಟ್ಟಿದವನು ನಾನೇ, ಕುರಿಗಾಹಿಗಳ ಮಾತು ಕೇಳಿ ಬಂದವನೂ ನಾನೇ. ಕಾದಂಬರಿ ಇಬ್ಬರಲ್ಲಿ ಒಬ್ಬರನ್ನು ಖಳರನ್ನಾಗಿ ಮಾಡಿ ಸುಲಭದಲ್ಲಿ ಪಾರಾಗುತ್ತದೆ ಎಂಬುದು ನನ್ನ ಅಸಮಾಧಾನ. ಆರನೆಯದರ ನಂತರ ಕತೆ ಸುಮಾರು ಮೂವತ್ತು ವರ್ಷ ಮುಂದಕ್ಕೆ ಹಾರುತ್ತದೆ. ಕೂದಲು ನೆರೆತ ಅದೇ ಪಾತ್ರಗಳನ್ನು ಕಾಣಲು ಒಂದೆರಡು ಅಧ್ಯಾಯಗಳ ತಾಳ್ಮೆ ಬೇಕು, ಆಮೇಲೆ ಅದೇ ಸೊಗಸು. ಐದನೆಯ ಸಂಪುಟದ ಬಗ್ಗೆ ಒಂದು ಮಾತನ್ನೂ ಹೇಳುವುದಿಲ್ಲ. ಟಿವಿ ಧಾರಾವಾಹಿಯನ್ನು ಮೊದಲು ನೋಡಬೇಡ, ಅದು ಚೆನ್ನಾಗಿದ್ದರೂ ಆರನೆಯ ಸಂಪುಟದ ಕತೆಗೆ ನಿಂತುಬಿಡುತ್ತದೆ.

ಮೊದಲ ಸಂಪುಟವನ್ನು ನಾಳೆ ಬೆಳಗಿನ ಬಸ್ಸಿನಲ್ಲಿ ದಾವಣಗೆರೆಗೆ ಬರುವ ನನ್ನ ಸೋದರಳಿಯನ ಕೈಯಲ್ಲಿ ಕಳಿಸುತ್ತಿದ್ದೇನೆ, ಗಿರಣಿಗೇ ತಂದು ಕೊಡುತ್ತಾನೆ. ಒಂದು ಅಧ್ಯಾಯ ಹೋಲ್ಡನ್‌ನದು, ಮುಂದಿನದು ಸಿರೀಸ್‌ನಲ್ಲಿ ಕಾಣೆಯಾದ ಹುಡುಗಿಯನ್ನು ಹುಡುಕುವ ಮಿಲ್ಲರ್ ಎಂಬ ಪತ್ತೇದಾರನದು, ಹೀಗೆ ಸಾಗುತ್ತದೆ. ಇಬ್ಬರಿಗೂ ಅರ್ಧರ್ಧ ವಿಷಯ ಮಾತ್ರ ಗೊತ್ತು. ನೂರು ಪುಟದವರೆಗೆ ಬಿಡದೆ ಓದು, ಆಮೇಲೆ ನಗುವುದಿದ್ದರೆ ನಗು. ಪುಟದ ಕಿವಿ ಮಡಚಬೇಡ. ಒಳಗೆ ಟ್ಯಾಂಕರಿನ ರಸೀತಿ ಇದೆ, ಅದನ್ನು ಕಸವೆಂದು ಎಸೆಯದೆ ಗುರುತಿಗೆ ನೀನೂ ಬಳಸು.

ನಿನ್ನ
ದುರ್ಗದ ಗೆಳೆಯ