ಬೀರುವಿನ ಕೀಲಿಕೈ

ಪ್ರೀತಿಯ ದೋಸ್ತ,

ನಿನ್ನ ಮೆಸೇಜ್ ಓದಿ ಮೊದಲು ನಕ್ಕುಬಿಟ್ಟೆ. ಬೇಜಾರು ಮಾಡ್ಕೋಬೇಡ. ಬೆಟಗೇರಿಯಲ್ಲಿ ಕಾಣಿಕೆಗೆ ಅಂತ ಅವ್ವ ಕೊಟ್ಟ ಎಂಟಾಣೆಯಲ್ಲಿ ಪೇರಲಹಣ್ಣು ತಿಂದು ಚರ್ಚಿನಲ್ಲಿ ಭಾನುವಾರ ಮಕ್ಕಳಿಗೆ ನಡೆಯೋ ಸಂಡೇ ಸ್ಕೂಲಿಗೆ ಬರುತ್ತಿದ್ದವನು ನೀನು. ಈಗ ಹುಬ್ಬಳ್ಳಿಯಲ್ಲಿ ನಿನ್ನ ತಲೆಗೇ ಸಂಡೇ ಸ್ಕೂಲ್ ಕಟ್ಟಿದ್ದಾರೆ! 25 ಇದ್ದ ಮಕ್ಕಳು 60 ಆಗಿದ್ದಾರೆ, ಟೀಚರ್‌ಗಳು ನಾಲ್ಕೇ ಜನ, ಅವರಲ್ಲೂ ಇಬ್ಬರು ಬಂದರೆ ಬಂದರು ಅಂತ ಬರೆದಿದ್ದೀಯ. ಫೋನಲ್ಲಿ ಹೇಳಿದರೆ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುತ್ತೀಯ. ಅದಕ್ಕೇ ಈ ಕಾಗದ.

ಮೊದಲು ನನ್ನ ತಪ್ಪು ಕೇಳು. ಇಲ್ಲಿ ಬೆಂಗಳೂರಿನ ಅಂಚಿನಲ್ಲಿ ನಾನು ಶುರು ಮಾಡಿದಾಗ 18 ಮಕ್ಕಳಿದ್ದರು. ಸುತ್ತ ಹೊಸ ಲೇಔಟ್‌ಗಳು ಎದ್ದವು. ರಾಯಚೂರು, ಕೋಲಾರ, ನಮ್ಮ ಗದಗ, ಎಲ್ಲ ಕಡೆಯಿಂದ ಜನ ಬಂದರು. ನಾಲ್ಕು ವರ್ಷದಲ್ಲಿ ಮಕ್ಕಳು 90 ದಾಟಿದರು. ಕಥೆ ಹೇಳೋದು ನಾನೇ, ಹಾಡು ಹೇಳಿಕೊಡೋದು ನಾನೇ, ಜೆರಾಕ್ಸ್ ಮಾಡಿಸಿ ತರೋದೂ ನಾನೇ. ಉಳಿದ ಟೀಚರ್‌ಗಳು ಹಾಜರಿ ಬರೆಯಬೇಕು, ಮಕ್ಕಳನ್ನು ಸುಮ್ಮನಿರಿಸಬೇಕು, ಅಷ್ಟೇ. ಹಾಜರಿ ಪುಸ್ತಕ, ಕ್ರೇಯಾನ್, ಕಥೆ ಚಿತ್ರಗಳು, ಡೋಲಕ್, ಬಿಸ್ಕತ್ತು ಎಲ್ಲ ಒಂದು ಹಳೇ ಬೀರುವಿನಲ್ಲಿ. ಅದರ ಕೀಲಿಕೈ ನನ್ನ ಬೈಕ್ ಕೀ ಜೊತೆ.

ಒಂದು ಜುಲೈ ಭಾನುವಾರ ನನಗೆ ಜ್ವರ. ಫೋನ್ ಆಫ್ ಆಗಿದ್ದೂ ಗೊತ್ತಿಲ್ಲ, ಹತ್ತು ಗಂಟೆವರೆಗೆ ಎಚ್ಚರ ಇಲ್ಲದೆ ಮಲಗಿದ್ದೆ. ಅಲ್ಲಿ ಮೂವರು ಟೀಚರ್‌ಗಳು ಬೀಗ ಹಾಕಿದ ಬೀರುವಿನ ಮುಂದೆ ನಿಂತಿದ್ದರು. ಹಿಂದೆ 70 ಮಕ್ಕಳ ಗಲಾಟೆ. ಅವರಲ್ಲಿ ಒಬ್ಬಳು ಬಿಕಾಂ ಓದುವ ಹುಡುಗಿ. ಎರಡು ವರ್ಷದಿಂದ ಅವಳಿಗೆ ಹಾಜರಿ ಪುಸ್ತಕ ಬಿಟ್ಟು ಬೇರೇನೂ ಕೊಟ್ಟಿರಲಿಲ್ಲ ನಾನು. ಅವಳು ಬಾಗಿಲ ಹತ್ತಿರ ಬಿದ್ದಿದ್ದ ಚಪ್ಪಲಿಗಳನ್ನೆಲ್ಲ ಒಳಗೆ ತರಿಸಿದಳು. ನೆಲದ ಮೇಲೆ ನೀರು ಚಿಮುಕಿಸಿ ದೋಣಿಯ ಆಕಾರ ಬರೆದಳು. 'ಇದು ಪ್ರಳಯದಲ್ಲಿ ಪ್ರಾಣಿಗಳನ್ನು ಉಳಿಸಿದ ನೋಹನ ನಾವೆ. ನಿಮ್ಮ ಚಪ್ಪಲಿ ಪ್ರಾಣಿಗಳು. ಜೋಡಿ ಇದ್ದರೆ ಮಾತ್ರ ಒಳಗೆ' ಅಂದಳು. ಮಕ್ಕಳು ಒಂದೊಂದೇ ಜೋಡಿ ಹಿಡಿದು ಆನೆ ಬಂತು, ಒಂಟೆ ಬಂತು ಅಂತ ಕೂಗುತ್ತಾ ಒಳಗಿಟ್ಟರಂತೆ. ಒಬ್ಬ ಪುಟ್ಟನ ಒಂದು ಚಪ್ಪಲಿ ಸಿಗಲಿಲ್ಲ. ಅವನು ಅಳುವುದಕ್ಕೆ ಶುರು. ಇಡೀ ಕ್ಲಾಸು ಅದನ್ನು ಹುಡುಕಿತಂತೆ.

ಮುಂದಿನ ವಾರ ನಾನು ಹೋದರೆ ಮಕ್ಕಳು ಕೇಳಿದ್ದು ಒಂದೇ. 'ಚಪ್ಪಲಿ ಅಕ್ಕ ಎಲ್ಲಿ?' ನಿಜ ಹೇಳಲಾ, ಹೊಟ್ಟೆಯಲ್ಲಿ ಸ್ವಲ್ಪ ಉರಿ ಆಯಿತು. ಆಮೇಲೆ ನಾಚಿಕೆಯೂ ಆಯಿತು. ಅವತ್ತೇ ಮಧ್ಯಾಹ್ನ ಕೀಲಿಕೈ ಇನ್ನೂ ಮೂರು ಮಾಡಿಸಿದೆ.

ಮೋಶೆಯ ಕಥೆ ನಾವಿಬ್ಬರೂ ಬಾಯಿಪಾಠ ಮಾಡಿದ್ದೇ. ಬೈಬಲಿನ ವಿಮೋಚನಕಾಂಡ, 18ನೇ ಅಧ್ಯಾಯ. ಬೆಳಿಗ್ಗೆಯಿಂದ ಸಂಜೆವರೆಗೆ ಒಬ್ಬನೇ ಕೂತು ಎಲ್ಲರ ನ್ಯಾಯ ತೀರಿಸುತ್ತಿದ್ದ. ಮಾವ ಇತ್ರೋ ಬಂದು, ಹೀಗೆ ಮಾಡಿದರೆ ನೀನೂ ಸೋಲುತ್ತೀಯ, ಜನರೂ ಸೋಲುತ್ತಾರೆ, ಹತ್ತು ಮಂದಿಗೊಬ್ಬ, ಐವತ್ತಕ್ಕೊಬ್ಬ, ನೂರಕ್ಕೊಬ್ಬ ಅಂತ ನೇಮಿಸು ಅಂದ. ಈ ಪಾಠವನ್ನು ಮಕ್ಕಳಿಗೆ ಎಷ್ಟು ಸಲ ಹೇಳಿದ್ದೇನೋ! ನನ್ನ ತಲೆಗೆ ಹೋಗಿರಲಿಲ್ಲ, ಅಷ್ಟೇ. ಈಗ ನಮ್ಮಲ್ಲಿ ಹತ್ತು ಮಕ್ಕಳಿಗೊಬ್ಬರು, ತೀರಾ ಚಿಕ್ಕವರಾದರೆ ಐದಕ್ಕೊಬ್ಬರು. ನಾನು ಯಾವ ಕ್ಲಾಸನ್ನೂ ತೆಗೆದುಕೊಳ್ಳಲ್ಲ. ಟೀಚರ್‌ಗಳನ್ನು ನೋಡಿಕೊಳ್ಳುತ್ತೇನೆ.

ಜನ ಸಿಗಲ್ಲ ಅಂದೆಯಲ್ಲ. ಆರಾಧನೆ ಮುಗಿದ ಮೇಲೆ ಮೈಕಿನಲ್ಲಿ 'ಸಹಾಯ ಮಾಡುವವರು ಮುಂದೆ ಬನ್ನಿ' ಅಂತ ಕೂಗಬೇಡ. ನಾನು ಮೂರು ಸಲ ಕೂಗಿಸಿದ್ದೇನೆ, ಬಂದದ್ದು ಸೊನ್ನೆ. ಒಬ್ಬೊಬ್ಬರನ್ನೇ ಹಿಡಿದು, ಚಹಾ ಕುಡಿಯುತ್ತಾ ಕೇಳು. ಏನು ಕೆಲಸ, ಎಷ್ಟು ಹೊತ್ತು, ಎಷ್ಟು ತಿಂಗಳು ಅಂತ ಹೇಳಿ ಕೇಳು. ಮೂರು ತಿಂಗಳು ಅಂದರೆ ಮೂರೇ ತಿಂಗಳು. ಆಮೇಲೆ ಅವರು ಬಿಡುವುದಾದರೆ ನಗುತ್ತಾ ಕಳಿಸಿಕೊಡು. ನಮ್ಮಲ್ಲಿ ರಿಟೈರ್ಡ್ ಲೈನ್‌ಮನ್ ಒಬ್ಬರಿದ್ದಾರೆ. ಕಥೆ ಹೇಳು ಅಂದರೆ ಬೆವರುತ್ತಾರೆ. ಗೇಟ್ ನೋಡಿಕೊಳ್ಳುತ್ತೀರಾ ಅಂಕಲ್ ಅಂದೆ. ಒಂದು ನೋಟ್‌ಬುಕ್ ಹಿಡಿದು ಕೂತರು. ಯಾವ ಮಗುವನ್ನು ಯಾರು ತಂದು ಬಿಟ್ಟರು, ಯಾರು ಕರೆದುಕೊಂಡು ಹೋದರು, ಎಲ್ಲ ಅದರಲ್ಲಿದೆ. ಚಿಕ್ಕಪ್ಪನೇ ಬಂದರೂ ಹೆಸರಿಲ್ಲದಿದ್ದರೆ ತಾಯಿಗೆ ಫೋನ್ ಮಾಡಿ ಕೇಳುತ್ತಾರೆ.

ಇದರಲ್ಲಿ ಮಾತ್ರ ಸಡಿಲ ಬಿಡಬೇಡ. ಯಾವ ಮಗುವಿನ ಜೊತೆಗೂ ಒಬ್ಬರೇ ಟೀಚರ್ ಇರಬಾರದು, ಬಾಗಿಲು ತೆರೆದೇ ಇರಬೇಕು. 'ಎಲ್ಲರೂ ನಮ್ಮ ಸಭೆಯವರೇ' ಅಂತ ಹಿರಿಯರು ಹೇಳುತ್ತಾರೆ. ಹೇಳಲಿ. 2012ರ ಪೋಕ್ಸೊ ಕಾಯ್ದೆ ಪ್ರಕಾರ, ಮಗುವಿಗೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಾದರೆ ಪೊಲೀಸರಿಗೆ ತಿಳಿಸಲೇಬೇಕು. ಸಭಾ ಕಮಿಟಿಯೊಳಗೆ ಮಾತಾಡಿ ಮುಗಿಸುವ ವಿಷಯ ಅಲ್ಲ. ಇದನ್ನು ಹೊಸ ಟೀಚರ್‌ಗೆ ಮೊದಲ ದಿನವೇ ಹೇಳುತ್ತೇನೆ.

ಒಂದು ವಿಷಯ ಗೊತ್ತಾ? 1780ರಲ್ಲಿ ಇಂಗ್ಲೆಂಡಿನ ಗ್ಲೌಸ್ಟರ್‌ನಲ್ಲಿ ರಾಬರ್ಟ್ ರೈಕ್ಸ್ ಅನ್ನುವ ಪತ್ರಿಕೆಯವನು ಸಂಡೇ ಸ್ಕೂಲ್ ಶುರು ಮಾಡಿದಾಗ ಟೀಚರ್‌ಗಳಿಗೆ ಕೂಲಿ ಕೊಡುತ್ತಿದ್ದ. ವಾರವೆಲ್ಲ ದುಡಿಯುವ ಬಡ ಮಕ್ಕಳಿಗೆ ಭಾನುವಾರ ಓದು ಕಲಿಸುವುದು ಅವನ ಉದ್ದೇಶ. ನಮ್ಮವರಿಗೆ ಕೂಲಿಯೂ ಇಲ್ಲ, ಬಸ್ ಚಾರ್ಜೂ ಅವರದ್ದೇ. ಹಾಗಿದ್ದ ಮೇಲೆ ಲೇಟಾಗಿ ಬಂದರೆ ಮುಖ ಗಂಟು ಹಾಕುವ ಹಕ್ಕು ನಮಗೆಲ್ಲಿದೆ ಹೇಳು? ಅವಳ ಪರೀಕ್ಷೆ ಯಾವಾಗ, ಇವನ ಅಪ್ಪನ ಆಪರೇಷನ್ ಏನಾಯಿತು ಅಂತ ವಾರದ ಮಧ್ಯೆ ಒಂದು ಫೋನ್ ಮಾಡು. ಪಾಠದ ಕಾಗದ ಬುಧವಾರವೇ ಕೈಗೆ ಕೊಡು. ಶನಿವಾರ ರಾತ್ರಿ ವಾಟ್ಸಾಪ್‌ನಲ್ಲಿ ಎಸೆಯಬೇಡ.

ಓದು ಅಂದಕೂಡಲೇ ನೆನಪಾಯಿತು. ಇಲ್ಲಿನ ಮಕ್ಕಳು ಕನ್ನಡ ಪಟಪಟ ಮಾತಾಡುತ್ತಾರೆ, ಓದು ಅಂದರೆ ತಡವರಿಸುತ್ತಾರೆ. ಬಾಯಿಪಾಠದ ಬೈಬಲ್ ವಚನವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡು ಬರುತ್ತಾರೆ. ಈಗ ಚಪ್ಪಲಿ ಅಕ್ಕನೇ ಕೊನೆಯ ಹತ್ತು ನಿಮಿಷ ವಚನದ ಒಂದೊಂದೇ ಪದ ಚೀಟಿಯಲ್ಲಿ ಬರೆದು ಜೋಡಿಸಲು ಕೊಡುತ್ತಾಳೆ. ಒತ್ತಕ್ಷರ ಬಂದಾಗ ದೊಡ್ಡ ಗಲಾಟೆ.

ಕಷ್ಟದ್ದೂ ಒಂದು ಹೇಳಿಬಿಡುತ್ತೇನೆ. ಎಲ್ಲರಿಗೂ ಬೇಕಾದ ಒಬ್ಬ ಹಿರಿಯ ಆಂಟಿ ಮಕ್ಕಳ ಕಿವಿ ಹಿಂಡುತ್ತಿದ್ದರು. ಹೇಗೆ ಹೇಳಲಿ ಅಂತ ಒಂದು ವರ್ಷ ಸುಮ್ಮನಿದ್ದೆ. ಅಷ್ಟರಲ್ಲಿ ಮೂರು ಮನೆಯವರು ಮಕ್ಕಳನ್ನು ಕಳಿಸುವುದು ಬಿಟ್ಟರು. ಕೊನೆಗೆ ಅವರ ಮನೆಗೇ ಹೋಗಿ ಹೇಳಿದೆ. ಅತ್ತರು. ಎರಡು ತಿಂಗಳು ನನ್ನ ಜೊತೆ ಮಾತು ಬಿಟ್ಟರು. ಈಗ ಬಿಸ್ಕತ್ತಿನ ಲೆಕ್ಕ ಅವರ ಕೈಯಲ್ಲಿದೆ, ಒಂದೂ ಆಚೀಚೆ ಆಗಲ್ಲ.

ದಸರಾ ರಜೆಯಲ್ಲಿ ಮಗಳನ್ನು ಕರೆದುಕೊಂಡು ಬಾ, ಒಂದು ಭಾನುವಾರ ನಮ್ಮಲ್ಲಿ ಕೂತು ನೋಡು. ಬರುವಾಗ ಆಧಾರ್ ಇಟ್ಟುಕೋ. ಗೇಟಿನಲ್ಲಿ ಅಂಕಲ್ ಹೋದ ತಿಂಗಳು ನನ್ನ ತಮ್ಮನನ್ನೇ ಹೊರಗೆ ನಿಲ್ಲಿಸಿದ್ದರು.

ನಿನ್ನ,
ಪೇರಲಹಣ್ಣಿನ ಪಾಲುದಾರ