ಸದಸ್ಯರ ಗಮನಕ್ಕೆ: ನಾಯಿಯ ಹೊಟ್ಟೆ ಕೆಟ್ಟಾಗ
ಮಾನ್ಯ ಸದಸ್ಯರೇ, ಮಳೆ ಹಿಡಿದ ಮೇಲೆ ಉಡುಪಿಯ ನಮ್ಮ ಬಡಾವಣೆಯ ನಾಯಿಗಳಲ್ಲಿ ವಾಂತಿಭೇದಿ ಕಾಣಿಸಿಕೊಳ್ಳುತ್ತಿರುವುದರಿಂದ ಈ ಸೂಚನೆ. ಆರೋಗ್ಯವಾಗಿರುವ, ಪೂರ್ತಿ ಬೆಳೆದ ನಾಯಿ ಒಂದೆರಡು ಬಾರಿ ಭೇದಿಯಾದ ಮೇಲೂ ಚುರುಕಾಗಿದ್ದರೆ, ಸುಮಾರು 12 ಗಂಟೆ ಆಹಾರ ನಿಲ್ಲಿಸಿ, ನೀರನ್ನು ಮಾತ್ರ ಸ್ವಲ್ಪಸ್ವಲ್ಪವಾಗಿ ಆಗಾಗ ಕುಡಿಸಿ, ಬಳಿಕ ಉಪ್ಪು, ಮಸಾಲೆ ಹಾಕದ ಮೆತ್ತನೆಯ ಬೆಳ್ತಿಗೆ ಅನ್ನಕ್ಕೆ ಚರ್ಮ, ಮೂಳೆ ತೆಗೆದು ಬೇಯಿಸಿದ ಕೋಳಿಮಾಂಸ ಕಲಸಿ, ತುಸುತುಸುವೇ ನೀಡಬೇಕು. ಹಾಲು, ಬಂಗುಡೆಯ ತಲೆ, ಮುಳ್ಳು ಸದ್ಯಕ್ಕೆ ಬೇಡವೇ ಬೇಡ. ಮನೆಯಲ್ಲಿರುವ ಪ್ಯಾರಾಸಿಟಮಾಲ್, ಐಬುಪ್ರೊಫೇನ್ ಮಾತ್ರೆಗಳು ನಾಯಿಗೆ ವಿಷವಾಗಬಲ್ಲವು; ದಯವಿಟ್ಟು ಕೊಡಬೇಡಿ. ಒಸಡು ಒಣಗಿ ಬೆರಳಿಗೆ ಅಂಟಿದಂತಾದರೆ ಮೈಯಲ್ಲಿ ನೀರು ಕಡಿಮೆಯಾಗಿದೆ ಎಂದು ತಿಳಿದು ವೈದ್ಯರಿಗೆ ತೋರಿಸಿ. ಮರಿಗಳನ್ನು ಉಪವಾಸ ಇಡಬಾರದು. ಲಸಿಕೆಯಾಗದ ಮರಿಗೆ ರಕ್ತಭೇದಿಯಾದರೆ ಪಾರ್ವೊ ಎಂಬ ಮಾರಕ ವೈರಸ್ ರೋಗ ಇರಬಹುದಾದ್ದರಿಂದ, ಬೆಳಗಾಗಲಿ ಎಂದು ಕಾಯದೆ ಕೂಡಲೇ ಪಶುವೈದ್ಯರ ಬಳಿಗೆ ಒಯ್ಯಿರಿ.