ಹುಣ್ಣಿಗೆ ಕಾರಣ ಭೇದಿ ಮಾತ್ರೆ

ಮಾನ್ಯ ಸಂಪಾದಕರೇ,

ನಿಮ್ಮ ಆರೋಗ್ಯ ಪುಟದಲ್ಲಿ ಮಂಡಿ ನೋವು, ಸಕ್ಕರೆ ಕಾಯಿಲೆ ಎಲ್ಲ ಬರುತ್ತವೆ. ಹೆಂಗಸರ ಗುಪ್ತಾಂಗದಲ್ಲಿ ಏಳುವ ಹುಣ್ಣಿನ ಬಗ್ಗೆ ನಾನಂತೂ ಓದಿಲ್ಲ. ಅದಕ್ಕೇ ನನ್ನ ಕಥೆ ಬರೆಯುತ್ತಿದ್ದೇನೆ.

ನನಗೆ 46 ವರ್ಷ, ಮನೆಯಲ್ಲೇ ಹೊಲಿಗೆ ಕೆಲಸ. ಹೋದ ದೀಪಾವಳಿ ಹೊತ್ತಿಗೆ ಕೆಳಗಡೆ ಹುಣ್ಣಾಯಿತು. ಮೂತ್ರಕ್ಕೆ ಹೋದರೆ ಖಾರ ಸವರಿದ ಹಾಗೆ ಉರಿ. ಮಿಷಿನ್ ಮುಂದೆ ಕೂರಲು ಆಗುತ್ತಿರಲಿಲ್ಲ. ಕೊಬ್ಬರಿ ಎಣ್ಣೆ ಹಚ್ಚಿದೆ. ಮೆಡಿಕಲ್ ಶಾಪಿನಲ್ಲಿ ತುರಿಕೆ ಎಂದು ಸುಳ್ಳು ಹೇಳಿ ಟ್ಯೂಬ್ ತಂದೆ. ಎರಡು ವಾರಕ್ಕೆ ಒಣಗಿತು, ಕಪ್ಪು ಕಲೆ ಉಳಿಯಿತು. ಯುಗಾದಿ ಆದ ಮೇಲೆ ಮತ್ತೆ ಅದೇ ಜಾಗದಲ್ಲಿ ಎದ್ದಿತು.

ಆಸ್ಪತ್ರೆಗೆ ಹೋದೆ. ಚೀಟಿ ಬರೆಯುವವರು ಅಷ್ಟು ಜನರ ಮುಂದೆ "ಏನಮ್ಮಾ ತೊಂದರೆ?" ಎಂದು ಜೋರಾಗಿ ಕೇಳಿದರು. "ತಲೆನೋವು" ಎಂದೆ. ತಲೆನೋವಿನ ಮಾತ್ರೆ ತಗೊಂಡು ಮನೆಗೆ ಬಂದೆ!

ಕೊನೆಗೆ ಒಬ್ಬ ಚರ್ಮದ ಡಾಕ್ಟರಮ್ಮ ಬಾಗಿಲು ಹಾಕಿಕೊಂಡು ವಿಚಾರಿಸಿದರು. ಗಂಡನ ವಿಷಯ ಮೊದಲು ಬರುತ್ತದೆ ಅಂದುಕೊಂಡಿದ್ದೆ. ಅವರು ಕೇಳಿದ್ದು, "ಹುಣ್ಣು ಏಳುವ ಮೊದಲು ಯಾವ ಮಾತ್ರೆ ತಗೊಂಡಿದ್ರಿ?" ಎಂದು. ಎರಡು ಸಲವೂ ಹೊಟ್ಟೆ ಕೆಟ್ಟು, ಭೇದಿ ನಿಲ್ಲಲಿ ಎಂದು ಅಂಗಡಿಯಿಂದ ಅದೇ ಮಾತ್ರೆ ತಂದು ನುಂಗಿದ್ದೆ. ಅದು ನನ್ನ ಮೈಗೆ ಒಗ್ಗುವುದಿಲ್ಲವಂತೆ. ನುಂಗಿದಾಗಲೆಲ್ಲ ಅದೇ ಜಾಗದಲ್ಲಿ ಹುಣ್ಣು ಏಳುತ್ತದಂತೆ. ಆ ಮಾತ್ರೆಯ ಹೆಸರು ಬರೆದ ಚೀಟಿ ಈಗ ನನ್ನ ಪರ್ಸಿನಲ್ಲಿದೆ. ನಮ್ಮ ಮನೆಯವರನ್ನು ಅಷ್ಟು ತಿಂಗಳು ಸುಮ್ನೆ ಅನುಮಾನಿಸಿದ್ದೆ, ಪಾಪ.

ಆದರೂ ಅವರು ಅಷ್ಟಕ್ಕೇ ಬಿಡಲಿಲ್ಲ. ಹುಣ್ಣಿನ ನೀರನ್ನು ಹತ್ತಿ ಕಡ್ಡಿಯಲ್ಲಿ ತೆಗೆದು ಹರ್ಪಿಸ್ ಎಂಬ ವೈರಸ್ ಸೋಂಕಿನ ಪರೀಕ್ಷೆಗೆ ಕಳಿಸಿದರು. ರಕ್ತದಲ್ಲಿ ಸಿಫಿಲಿಸ್ (ಸಂಗದಿಂದ ಹರಡುವ ಗುಪ್ತರೋಗ), ಎಚ್‌ಐವಿ, ಸಕ್ಕರೆ ನೋಡಿಸಿದರು. ಸಣ್ಣ ನೀರುಗುಳ್ಳೆಗಳು ಒಡೆದು ಉರಿದರೆ ಹೆಚ್ಚಾಗಿ ಹರ್ಪಿಸ್ ಇರುತ್ತದೆ. ಸಿಫಿಲಿಸ್ ಹುಣ್ಣು ಸಾಮಾನ್ಯವಾಗಿ ನೋಯುವುದೇ ಇಲ್ಲ. ಔಷಧಿ ಇಲ್ಲದೆಯೂ ಮಾಯುತ್ತದೆ, ರೋಗ ಮಾತ್ರ ಒಳಗೇ ಉಳಿಯುತ್ತದೆ. ಶುರುವಿನಲ್ಲಿ ರಕ್ತ ಪರೀಕ್ಷೆಗೆ ಅದು ಸಿಗದೆಯೂ ಇರಬಹುದು, ಕೆಲವು ವಾರ ಬಿಟ್ಟು ಮತ್ತೆ ಮಾಡಿಸಬೇಕು. ಗಂಡಸಿನ ಸಂಗವೇ ಇಲ್ಲದ ಹುಡುಗಿಯರಿಗೂ ಜ್ವರದ ಜೊತೆ ಇಂಥ ಹುಣ್ಣು ಏಳುವುದುಂಟು. ಬಾಯಲ್ಲೂ ಕೆಳಗೂ ಪದೇ ಪದೇ ಹುಣ್ಣಾದರೆ ಅದು ಬೇರೆಯದೇ ಕಾಯಿಲೆ ಇರಬಹುದು. ವಾರಗಟ್ಟಲೆ ಮಾಯದಿದ್ದರೆ ಚೂರು ಚರ್ಮ ತೆಗೆದು ಕ್ಯಾನ್ಸರ್ ಏನಾದರೂ ಇದೆಯಾ ಎಂದು ನೋಡಬೇಕಾಗುತ್ತದೆ. ಹುಣ್ಣು ಹಸಿಯಾಗಿದ್ದಾಗಲೇ ತೋರಿಸಿದರೆ ಪರೀಕ್ಷೆಗೆ ಒಳ್ಳೆಯದು. ನಾನು ಟ್ಯೂಬ್ ಹಚ್ಚಿ ಕೆಡಿಸಿಕೊಂಡಿದ್ದು ಇದನ್ನೇ.

ಜಿಲ್ಲಾಸ್ಪತ್ರೆಗಳಲ್ಲಿ ಗುಪ್ತರೋಗ ನೋಡುವ ಸುರಕ್ಷಾ ಕ್ಲಿನಿಕ್‌ಗಳಲ್ಲಿ ಇಂಥ ರೋಗಗಳಿಗೆ ಉಚಿತ ಔಷಧಿ ಸಿಗುತ್ತದೆ. ಆದರೆ ಅಲ್ಲಿಗೆ ಹೋಗಲು ಮೊದಲು ಚೀಟಿ ಕೌಂಟರ್ ದಾಟಬೇಕಲ್ವಾ? "ಹೆಂಗಸರ ತೊಂದರೆ" ಎಂದರೆ ಸಾಕು, ಮುಂದಿನದು ಕೇಳದೆ ಚೀಟಿ ಕೊಡಿ ಎಂದು ಆರೋಗ್ಯ ಇಲಾಖೆಯವರು ಕೌಂಟರಿನವರಿಗೆ ಹೇಳಲಿ.

– ಒಬ್ಬ ಓದುಗಿ, ಚಳ್ಳಕೆರೆ ತಾಲ್ಲೂಕು
(ದಯವಿಟ್ಟು ಹೆಸರು ಹಾಕಬೇಡಿ)